ಸುತ್ತು ಹೊಡೆಯದ ರೈಲು: ಗೋಡೆ ಪಕ್ಕದ ನನ್ನ ತಾಳಗುಪ್ಪ

ಮನೆಯಲ್ಲಿ ಮಾದರಿ ರೈಲು ಕಟ್ಟಲು ಹೊರಟವರು ಹೆಚ್ಚಾಗಿ ಮೊದಲು ಗೀಚುವುದು ಒಂದು ದೊಡ್ಡ ಸುತ್ತು. ಮೇಜಿನ ಮೇಲೆ ಹಳಿ, ಹಳಿ ಮೇಲೆ ರೈಲು, ಸ್ವಿಚ್ ಹಾಕಿದರೆ ತಿರುಗುತ್ತಲೇ ಇರುತ್ತದೆ. ನೋಡಲು ಚಂದವೇ. ಆದರೆ ನನಗೆ ಬೇಕಾಗಿದ್ದು ನಾನೇ ನಿಂತು ನಡೆಸುವ ರೈಲು. ಅದಕ್ಕೇ ಸುತ್ತು ಬಿಟ್ಟು, ಹಳಿ ಮುಗಿದುಹೋಗುವ ಒಂದು ಊರನ್ನು ಆರಿಸಿಕೊಂಡೆ. ಸಾಗರ ತಾಲ್ಲೂಕಿನ ತಾಳಗುಪ್ಪ.

ಶಿವಮೊಗ್ಗದಿಂದ ಕುಂಸಿ, ಅರಸಾಳು, ಆನಂದಪುರ, ಸಾಗರ ಜಂಬಗಾರು ದಾಟಿ ಬರುವ ಹಳಿ ಇಲ್ಲಿಗೆ ಕೊನೆ. ಜೋಗಕ್ಕೆ ಹೋಗುವವರು ಇಳಿಯುವ ನಿಲ್ದಾಣ. ಮೀಟರ್ ಗೇಜ್ ಕಾಲದಲ್ಲಿ ಈ ದಾರಿಯಲ್ಲಿ ರೈಲ್ ಬಸ್ ಓಡುತ್ತಿತ್ತು. 2011ರಲ್ಲಿ ಬ್ರಾಡ್ ಗೇಜ್ ಇಲ್ಲಿವರೆಗೂ ಬಂತು. ಕೊನೆಯ ನಿಲ್ದಾಣ ಅಂದಮೇಲೆ ಬಂದ ಪ್ರತಿ ಗಾಡಿಯೂ ವಾಪಸ್ ಹೋಗಲೇಬೇಕು. ಅದಕ್ಕೆ ಎಂಜಿನ್ ಬಿಚ್ಚಬೇಕು, ಪಕ್ಕದ ಲೂಪ್ ಹಳಿಯಲ್ಲಿ ಬೋಗಿಗಳನ್ನು ದಾಟಿಸಿ ಆ ತುದಿಗೆ ತರಬೇಕು, ಮತ್ತೆ ಕಟ್ಟಬೇಕು. ಒಂದೇ ರೈಲು ಬಂದರೂ ಕೈತುಂಬ ಕೆಲಸ. ಜಾಗ ಕಡಿಮೆ ಇರುವವರಿಗೆ ಕೊನೆಯ ನಿಲ್ದಾಣದಷ್ಟು ಒಳ್ಳೆ ಆಯ್ಕೆ ಇನ್ನೊಂದಿಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಅಲ್ಲಿನ ಹಳಿಗಳನ್ನು ಅಳತೆ ಸಮೇತ ನಕಲು ಮಾಡಿಲ್ಲ. ಊರಿನ ಹೆಸರು, ಮಣ್ಣು, ಮಳೆಗಾಲದ ಬೆಳಕು, ಎಂಜಿನ್ ತಿರುಗಿ ಬರುವ ಕ್ರಮ ಇಷ್ಟನ್ನು ಅಲ್ಲಿಂದ ತಂದೆ. ಗೊಬ್ಬರ ಇಳಿಸುವ ಗೂಡ್ಸ್ ಸೈಡಿಂಗ್ (ಪಕ್ಕದ ಹಳಿ) ಪೂರ್ತಿ ನನ್ನ ಕಲ್ಪನೆ.

ಬೆಂಗಳೂರಿನ ನಮ್ಮ ಮನೆಯಲ್ಲಿ ಇದಕ್ಕೆ ಸಿಕ್ಕಿದ್ದು ಒಂದು ಗೋಡೆ. ಉದ್ದ 3.6 ಮೀಟರ್, ಅಗಲ 45 ಸೆಂ.ಮೀ. ನಾನು ಕಟ್ಟಿದ್ದು ಎಚ್‌ಒ ಅಳತೆಯಲ್ಲಿ, ಅಂದರೆ ನಿಜದ 87ನೇ ಒಂದು ಭಾಗ. ಐಸಿಎಫ್ ಬೋಗಿ, ಅಂದರೆ ಹಳೆಯ ನೀಲಿ ಬೋಗಿ, ಒಂದು ತುದಿಯ ಬಫರ್‌ನಿಂದ ಇನ್ನೊಂದು ತುದಿಯ ಬಫರ್‌ಗೆ ಸುಮಾರು 22.3 ಮೀಟರ್. 87ರಿಂದ ಭಾಗಿಸಿದರೆ 25.6 ಸೆಂ.ಮೀ. ಮೂರು ಬೋಗಿಗೆ 77 ಸೆಂ.ಮೀ., ಡಬ್ಲ್ಯುಡಿಎಂ-3ಎ ಡೀಸೆಲ್ ಎಂಜಿನ್‌ಗೆ ಸುಮಾರು 20. ಒಟ್ಟು ಒಂದು ಮೀಟರ್ ಒಳಗೆ. ನನ್ನ ಲೇಔಟ್, ಅಂದರೆ ಈ ಮಾದರಿ ನಿಲ್ದಾಣ, ಪೂರ್ತಿ ನಿಂತಿರುವುದು ಈ ಲೆಕ್ಕದ ಮೇಲೆ. ಎಷ್ಟು ಉದ್ದದ ರೈಲು ಬೇಕು ಅಂತ ಮೊದಲು ತೀರ್ಮಾನಿಸಿ, ಹಳಿ ಆಮೇಲೆ ಎಳೆಯಿರಿ.

ಹಳಿ ಮುಗಿಯುವಲ್ಲಿ ಗಾಡಿ ತಡೆಯುವ ಬಫರ್ ಕಡೆಯಿಂದ ಅಳೆದುಕೊಂಡು ಬರೋಣ. ಮೊದಲ 30 ಸೆಂ.ಮೀ. ಎಂಜಿನ್ ಮುಂದೆ ಹೋಗಿ ನಿಲ್ಲುವ ತುಂಡು ಹಳಿ. ಆಮೇಲೆ ಒಂದು ಪಾಯಿಂಟ್, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ. ನಾನು ಹಾಕಿದ್ದು ಪೀಕೋ ಕಂಪನಿಯ ಮಧ್ಯಮ ಅಳತೆಯದು, ಸುಮಾರು 22 ಸೆಂ.ಮೀ. ಉದ್ದ. ಅಲ್ಲಿಂದ ಒಂದು ಮೀಟರ್ ಅಕ್ಕಪಕ್ಕ ಎರಡು ಹಳಿ, ಒಂದು ಪ್ಲಾಟ್‌ಫಾರ್ಮಿನದು, ಇನ್ನೊಂದು ಲೂಪ್. ಮತ್ತೊಂದು ಪಾಯಿಂಟ್. ಇಲ್ಲಿಗೆ 174 ಸೆಂ.ಮೀ. ಆ ಒಂದು ಮೀಟರಿನಲ್ಲಿ ಎರಡೂ ತುದಿಯಲ್ಲಿ ಹತ್ತತ್ತು ಸೆಂ.ಮೀ. ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಎರಡು ಹಳಿ ತೀರಾ ಹತ್ತಿರ ಇರುತ್ತವೆ, ಬೋಗಿ ನಿಂತರೆ ಪಕ್ಕದಲ್ಲಿ ಹೋಗುವ ಎಂಜಿನ್ ತಾಗುತ್ತದೆ. ರೈಲ್ವೆಯಲ್ಲಿ ಈ ಗಡಿಗೆ ಫೌಲಿಂಗ್ ಮಾರ್ಕ್ ಅಂತ ಕಲ್ಲು ನೆಟ್ಟಿರುತ್ತಾರೆ. ನಾನೂ ಚಿಕ್ಕ ಬಿಳಿ ಕಲ್ಲು ನೆಟ್ಟಿದ್ದೇನೆ. ಉಳಿದ 80 ಸೆಂ.ಮೀ. ಜಾಗದಲ್ಲಿ 77 ಸೆಂ.ಮೀ. ಉದ್ದದ ಮೂರು ಬೋಗಿ ನಿಲ್ಲಬೇಕು. ಚಾಲಕರಿಗೆ ಇದು ನಿಜವಾದ ಪರೀಕ್ಷೆ!

ನಿಲ್ದಾಣದ ಉಳಿದ 66 ಸೆಂ.ಮೀ.ನಲ್ಲಿ ಮೂರನೇ ಪಾಯಿಂಟ್ ಇದೆ. ಗೂಡ್ಸ್ ಸೈಡಿಂಗ್ ಅಲ್ಲಿಂದ ಹಿಂದಕ್ಕೆ ಕವಲೊಡೆಯುತ್ತದೆ. ಕೊನೆಯ 1.2 ಮೀಟರ್ ಒಂದು ಅಡ್ಡ ಹಲಗೆಯ ಹಿಂದೆ ಕಾಣದಂತೆ ಇದೆ. ನಮ್ಮ ಪಾಲಿಗೆ ಅದೇ ಸಾಗರ ಜಂಬಗಾರು, ಅದೇ ಶಿವಮೊಗ್ಗ, ಅದೇ ಮೈಸೂರು. ಅಡುಗೆಮನೆ ಡ್ರಾಯರಿಗೆ ಹಾಕುವ ಚಾನೆಲ್ ಜೋಡಿಯ ಮೇಲೆ ಒಂದು ಹಲಗೆ, ಅದರ ಮೇಲೆ ಮೂರು ಹಳಿ. ಹಲಗೆಯನ್ನು ಹಿಂದೆ ಮುಂದೆ ಜಾರಿಸಿದರೆ ಬೇಕಾದ ರೈಲು ಮುಖ್ಯ ಹಳಿಗೆ ನೇರ ಬಂದು ನಿಲ್ಲುತ್ತದೆ. ಪಾಯಿಂಟ್ ಬೇಡ, ಅವುಗಳ ಖರ್ಚೂ ಇಲ್ಲ.

ಗೇಜ್ ವಿಚಾರ ತುಂಬಾ ಜನ ಕೇಳುತ್ತಾರೆ. ಗೇಜ್ ಅಂದರೆ ಎರಡು ಕಂಬಿಗಳ ನಡುವಿನ ಅಂತರ, ಎಚ್‌ಒದಲ್ಲಿ ಅದು 16.5 ಮಿ.ಮೀ. ಅದನ್ನು 87ರಿಂದ ಗುಣಿಸಿದರೆ 1435 ಮಿ.ಮೀ., ಯುರೋಪ್ ಅಮೆರಿಕದ ಗೇಜ್. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಹಾಗಾಗಿ ಸರಿಯಾದ ಹಳಿ 19.3 ಮಿ.ಮೀ. ಇರಬೇಕಿತ್ತು. ಅದನ್ನು ಮಾಡಬೇಕಾದರೆ ಹಳಿ, ಪಾಯಿಂಟ್, ಚಕ್ರ ಎಲ್ಲವನ್ನೂ ಕೈಯಲ್ಲೇ ಮಾಡಬೇಕು. ನಾನು 16.5ಕ್ಕೇ ಒಪ್ಪಿಕೊಂಡೆ. ಪಕ್ಕದಿಂದ ನೋಡುವಾಗ ಗೊತ್ತೇ ಆಗುವುದಿಲ್ಲ.

ಹಲಗೆಗೆ 12 ಮಿ.ಮೀ. ಬಿಡಬ್ಲ್ಯುಪಿ (ನೀರು ತಡೆಯುವ) ಪ್ಲೈವುಡ್ ತೆಗೆದುಕೊಳ್ಳಿ, ಐಎಸ್ 710 ಮುದ್ರೆ ಇರುವುದು. ಕಡಿಮೆ ಬೆಲೆಯ ಪ್ಲೈ ಮಳೆಗಾಲದಲ್ಲಿ ಉಬ್ಬುತ್ತದೆ, ಹಲಗೆ ಉಬ್ಬಿದರೆ ಹಳಿಯ ಜೋಡಣೆ ಹೋಯಿತು. 8 ಅಡಿಗೆ 4 ಅಡಿಯ ಒಂದೇ ಶೀಟಿನಲ್ಲಿ 45 ಸೆಂ.ಮೀ. ಅಗಲದ ಮೂರು ಹಲಗೆ ಬರುತ್ತವೆ. ಮಿಕ್ಕಿದ್ದನ್ನು ಪಟ್ಟಿಗಳಾಗಿ ಸೀಳಿಸಿ ಕೆಳಗಿನ ಚೌಕಟ್ಟು ಮಾಡಿದೆ. ಮೂರೂ ಬಿಡಿ ಹಲಗೆಗಳು, ಬೋಲ್ಟ್ ಬಿಚ್ಚಿದರೆ ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು ಹೋಗಬಹುದು. ಹಲಗೆಯ ಜೋಡಣೆ ಮೇಲೆ ಪಾಯಿಂಟ್ ಬಾರದ ಹಾಗೆ ನೋಡಿಕೊಳ್ಳಬೇಕು. ನನ್ನ ಲೆಕ್ಕದಲ್ಲಿ 120 ಮತ್ತು 240 ಸೆಂ.ಮೀ. ಎರಡರಲ್ಲೂ ಬರೀ ನೇರ ಹಳಿ. ಜೋಡಣೆಯ ಅಂಚಿಗೆ ಹಿತ್ತಾಳೆ ಸ್ಕ್ರೂ ಹಾಕಿ, ಹಳಿಯನ್ನು ಅದಕ್ಕೆ ಬೆಸೆದು, ಆಮೇಲೆ ತೆಳು ಗರಗಸದಲ್ಲಿ ಕೊಯ್ದರೆ ಎರಡು ತುದಿ ಯಾವಾಗಲೂ ಎದುರುಬದುರಾಗಿ ಕೂರುತ್ತವೆ.

ವಿದ್ಯುತ್ತಿಗೆ ಡಿಸಿಸಿ ಪದ್ಧತಿ. ಹಳಿಯಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ, ಎಂಜಿನ್ ಒಳಗಿನ ಡಿಕೋಡರ್ ತನ್ನ ನಂಬರಿಗೆ ಬಂದ ಆಜ್ಞೆ ಮಾತ್ರ ಕೇಳುತ್ತದೆ. ಒಂದು ಎಂಜಿನ್ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವಾಗ ಇನ್ನೊಂದನ್ನು ಓಡಿಸಬೇಕಾದ ಇಂಥ ಕಡೆ ಇದು ಬೇಕೇ ಬೇಕು. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಆರ್ಡುಯಿನೋ ಮೆಗಾ ಎಂಬ ಚಿಕ್ಕ ಕಂಪ್ಯೂಟರ್ ಬೋರ್ಡ್, ಮೋಟಾರ್ ಶೀಲ್ಡ್, ವೈಫೈ ಬೋರ್ಡ್ ತಂದು ಡಿಸಿಸಿ-ಇಎಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿದೆ. ಮೊಬೈಲ್ ಫೋನೇ ಚಾಲಕರ ಹಿಡಿಕೆ. ಪಾಯಿಂಟ್ ತಿರುಗಿಸಲು ಹಲಗೆಯ ಅಡಿ ಎಸ್‌ಜಿ-90 ಸರ್ವೋ ಮೋಟಾರುಗಳು, ಆಟಿಕೆ ವಿಮಾನಕ್ಕೆ ಹಾಕುವಂಥವು. ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಹಳಿಯ ಪ್ರತಿ ತುಂಡಿಗೂ ಕೆಳಗಿನಿಂದ ಬೇರೆಯದೇ ತಂತಿ ಬೆಸೆಯಿರಿ. ಹಳಿ ಜೋಡಿಸುವ ಫಿಶ್‌ಪ್ಲೇಟ್ ಕರೆಂಟ್ ದಾಟಿಸುತ್ತದೆ ಅಂತ ನಂಬಿ ಕೂರಬೇಡಿ. ಧೂಳು, ತೇವ ಸೇರಿದಾಗ ಮೊದಲು ಕೈಕೊಡುವುದು ಅದೇ.

ಎಂಜಿನ್, ಬೋಗಿ ಬೇಕು ಅಂದಾಗ ಜೇಬಿನ ಮಾತು ಬರುತ್ತದೆ. ಹೊರದೇಶದಿಂದ ತರಿಸುವ ಮಾದರಿ ರೈಲಿಗೆ ಕಸ್ಟಮ್ಸ್ ಲೆಕ್ಕದಲ್ಲಿ ಆಟಿಕೆಯ ಸುಂಕ. 2020ರ ಬಜೆಟ್‌ನಲ್ಲಿ ಇದು ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಹಾಗಾಗಿ ಕಡಿಮೆ ಕೊಂಡು ಜಾಸ್ತಿ ಕೈಯಲ್ಲಿ ಮಾಡುವ ದಾರಿ ಹಿಡಿದೆ. ನಮ್ಮ ಡಬ್ಲ್ಯುಡಿಎಂ-3ಎ ಎಂಜಿನ್‌ಗಳ ಮೂಲ ಅಮೆರಿಕದ ಆಲ್ಕೊ ಕಂಪನಿ. ಅದಕ್ಕೇ ಆರು ಆಕ್ಸಲ್‌ನ ಒಂದು ಆಲ್ಕೊ ಮಾದರಿಯ ಸೆಕೆಂಡ್ ಹ್ಯಾಂಡ್ ಚಾಸಿ ಕೊಂಡು, ಮೇಲಿನ ಕವಚವನ್ನು ಇಲ್ಲೇ 3ಡಿ ಪ್ರಿಂಟ್ ಮಾಡಿಸಿದೆ. ಬಣ್ಣ ನಾನೇ ಬಳಿದೆ. ಬೋಗಿಗಳ ಪಕ್ಕದ ಗೋಡೆ ಪ್ಲಾಸ್ಟಿಕ್ ಶೀಟ್, ಚಕ್ರ ಮಾತ್ರ ಲೋಹದ್ದು. ಪ್ಲಾಸ್ಟಿಕ್ ಚಕ್ರ ಹಳಿಗೆ ಕೊಳೆ ಮೆತ್ತುತ್ತದೆ.

ಮಣ್ಣು ಊರಿಂದಲೇ ತಂದದ್ದು. ಸಾಗರದ ಕಡೆಯ ಜಂಬಿಟ್ಟಿಗೆ ಮಣ್ಣಿನ ಕೆಂಪು ಯಾವ ಬಣ್ಣದ ಡಬ್ಬಿಯಲ್ಲೂ ಸಿಗುವುದಿಲ್ಲ. ಬಿಸಿಲಿಗೆ ಚೆನ್ನಾಗಿ ಒಣಗಿಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದೆ. ಆಮೇಲೆ ಅದರ ಮೇಲೆ ಅಯಸ್ಕಾಂತ ಆಡಿಸಲೇಬೇಕು. ಆ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಅಯಸ್ಕಾಂತಕ್ಕೆ ಅಂಟುವ ಕಣಗಳು ಉಳಿದರೆ ಸೀದಾ ಎಂಜಿನ್ ಮೋಟಾರಿನೊಳಗೆ ಸೇರುತ್ತವೆ. ಹಳಿಯ ಜಲ್ಲಿಯನ್ನು ಒಣದಾಗಿಯೇ ಕುಂಚದಲ್ಲಿ ಹರಡಿ, ಮೇಲೆ ನೀರು ಬೆರೆಸಿದ ಫೆವಿಕಾಲ್ ಹನಿ ಹನಿ ಬಿಡಬೇಕು. ಪಾತ್ರೆ ತೊಳೆಯುವ ಸೋಪಿನ ಒಂದು ತೊಟ್ಟು ಸೇರಿಸಿದರೆ ಅಂಟು ಗುಂಡಗೆ ನಿಲ್ಲದೆ ಒಳಗಿಳಿಯುತ್ತದೆ. ಅಡಿಕೆ ಮರಗಳು ತಂತಿ ಮತ್ತು ಕತ್ತರಿಸಿದ ಕಾಗದ, ಒಂದೊಂದು 17 ಸೆಂ.ಮೀ. ಎತ್ತರ. ನಿಜದ ಲೆಕ್ಕದಲ್ಲಿ 15 ಮೀಟರ್. ನಿಲ್ದಾಣದ ಗೋಡೆಯ ಬುಡಕ್ಕೆ ಪಾಚಿಯ ಹಸಿರು ಬಳಿದ ಮೇಲೆ ಅದು ಮಲೆನಾಡಾಯಿತು. ಅಲ್ಲಿವರೆಗೆ ಯಾವ ಊರಾದರೂ ಆಗಬಹುದಿತ್ತು.

ಇಷ್ಟೆಲ್ಲ ಮಾಡಿದ್ದು ರೈಲು ನಡೆಸಲಿಕ್ಕೆ. ನಾವು ಮೂವರು. ನನ್ನ ಸೋದರಮಾವ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಇಲ್ಲೂ ಅವರೇ ಗಾರ್ಡ್. ಮಗಳು ಚಾಲಕಿ. ನಾನು ಸ್ಟೇಷನ್ ಮಾಸ್ಟರ್, ಪಾಯಿಂಟುಗಳ ಹೊಣೆ ನನ್ನದು. ಗಡಿಯಾರ ಇಟ್ಟಿಲ್ಲ. ಯಾವ ರೈಲಿನ ನಂತರ ಯಾವುದು ಅಂತ ಕಾರ್ಡುಗಳಿವೆ, ಒಂದೊಂದಾಗಿ ಮಗುಚುತ್ತೇವೆ. ರಾತ್ರಿ ರೈಲು, ಮೈಸೂರು ಇಂಟರ್‌ಸಿಟಿ, ಶಿವಮೊಗ್ಗ ಪ್ಯಾಸೆಂಜರ್, ನಡುವೆ ಗೂಡ್ಸ್. ಪೂರ್ತಿ ಕಾರ್ಡು ಮುಗಿಯಲು ಗಂಟೆ ಮೇಲಾಗುತ್ತದೆ.

ಮರೆಯ ಹಳಿಯಿಂದ ಗಾಡಿ ಹೊರಡುವ ಮೊದಲು ಸಾಗರದವರು ನನ್ನನ್ನು ಲೈನ್ ಕ್ಲಿಯರ್, ಅಂದರೆ ಗಾಡಿ ಬಿಡಲು ಒಪ್ಪಿಗೆ, ಕೇಳಬೇಕು. ನಾನು ಲೈನ್ ಖಾಲಿ ಇದೆಯೇ ನೋಡಿ ಒಪ್ಪಿಗೆ ಕೊಟ್ಟು, ಅದರ ಗುರುತಾಗಿ ಪ್ರೈವೇಟ್ ನಂಬರ್ ಹೇಳಬೇಕು. ನಿಜದ ಸ್ಟೇಷನ್ ಮಾಸ್ಟರುಗಳು ಹಾಳೆಯಲ್ಲಿರುವ ಎರಡಂಕಿ ನಂಬರುಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಾ ಹೇಳುವ ಕ್ರಮ ಇದೆಯಲ್ಲ, ಅದೇ. ಸಾಗರ ಜಂಬಗಾರಿನ ಮಾಸ್ಟರೂ ಮಾವನೇ. ಅರ್ಧ ಮೀಟರ್ ದೂರದಲ್ಲಿ ಕೂತು ಇಬ್ಬರೂ ಅದನ್ನು ಬರೆದುಕೊಳ್ಳುತ್ತೇವೆ.

ಗಾಡಿ ಬಂದು ಎರಡು ಬಿಳಿ ಕಲ್ಲಿನ ನಡುವೆ ನಿಂತಿತು ಅನ್ನಿ. ಚೂಪು ಮಾಡಿದ ಬಿದಿರು ಕಡ್ಡಿಯನ್ನು ಕಪ್ಲಿಂಗ್ ಕೊಕ್ಕೆಗಳ ನಡುವೆ ಇಳಿಸಿ ತಿರುವಿದರೆ ಎಂಜಿನ್ ಬಿಡುತ್ತದೆ. ಅದು ಮುಂದೆ ಹೋಗಿ ಬಫರ್ ಹತ್ತಿರ ನಿಲ್ಲುತ್ತದೆ. ನಾನು ಪಾಯಿಂಟ್ ಲೂಪಿಗೆ ಮಾಡಿ ಕೈ ತೋರಿಸಿದ ಮೇಲೆ ಮಾವ ಹಸಿರು ಬಾವುಟ ಆಡಿಸುತ್ತಾರೆ. ಬಾವುಟ ಕಾಣದೆ ಮಗಳು ಎಂಜಿನ್ ಕದಲಿಸುವಂತಿಲ್ಲ. ಹೀಗೆ ನಿಲ್ದಾಣದೊಳಗೆ ಎಂಜಿನ್ ಸರಿಸುವ ಶಂಟಿಂಗ್‌ಗೆ ವೇಗದ ಮಿತಿ ಗಂಟೆಗೆ 15 ಕಿ.ಮೀ. ನಮ್ಮ ಅಳತೆಯಲ್ಲಿ ಸೆಕೆಂಡಿಗೆ 5 ಸೆಂ.ಮೀ.ಗಿಂತ ಸ್ವಲ್ಪ ಕಡಿಮೆ. ಒಂದು ಮೀಟರ್ ಲೂಪ್ ದಾಟಲು 20 ಸೆಕೆಂಡಿನ ಮೇಲೆ ಬೇಕು. ಇಷ್ಟು ನಿಧಾನವಾಗಿ ಮೋಟಾರ್ ನಡುಗದೆ ಹೋಗಬೇಕಾದರೆ ಡಿಕೋಡರಿನಲ್ಲಿ ಹೊಂದಿಸಬೇಕು. ಸಿವಿ ಅಂದರೆ ಡಿಕೋಡರಿನ ನಂಬರು ಹಾಕಿದ ಸೆಟ್ಟಿಂಗ್: ಸಿವಿ-2ರಲ್ಲಿ ಹೊರಡುವ ವೋಲ್ಟೇಜ್, 3 ಮತ್ತು 4ರಲ್ಲಿ ವೇಗ ಏರುವ ಇಳಿಯುವ ನಿಧಾನ, 5ರಲ್ಲಿ ಗರಿಷ್ಠ ವೇಗ. ನನ್ನ ಎಂಜಿನ್‌ಗಳ ಸಿವಿ-5 ತುಂಬಾ ಕೆಳಗಿದೆ. ಓಡುವ ಜಾಗವೇ ಇಲ್ಲದ ಕಡೆ ವೇಗ ಯಾಕೆ?

ಎಂಜಿನ್ ಆ ತುದಿಗೆ ಬಂದು ಬೋಗಿಯ ಕಡೆ ತಿರುಗಿದಾಗ ಮಾವ ಕಟ್ಟುನಿಟ್ಟು.

"ಮೊದಲು ದೂರದಲ್ಲೇ ನಿಲ್ಲಿಸು ಪುಟ್ಟಿ. ಒಳಗೆ ಜನ ಕೂತಿದಾರೆ ಅಂತ ತಿಳ್ಕೋ. ಆಮೇಲೆ ನಾನು ಕರೀತೀನಿ."

"ನಿಲ್ಲಿಸಿದೀನಿ ಅಜ್ಜ. ಬರ್ಲಾ?"

"ಬಾ. ನಿಧಾನ... ಸಾಕು."

ಅವರು ಕೆಲಸದಲ್ಲಿದ್ದಾಗ 20 ಮೀಟರ್ ಮೊದಲೇ ಎಂಜಿನ್ ನಿಲ್ಲಿಸಿ, ಆಮೇಲೆ ಬಾವುಟ ತೋರಿಸಿ ಕರೆಯುತ್ತಿದ್ದರಂತೆ. ನಮಗೆ ಅದು 23 ಸೆಂ.ಮೀ. ಅಷ್ಟು ದೂರಕ್ಕೆ ಸ್ಲೀಪರ್ ಪಕ್ಕ ಗುರುತು ಹಾಕಿದ್ದೇವೆ. ಕಪ್ಲಿಂಗ್ ಕೂತಮೇಲೆ ಸುಮ್ನೆ ಹೊರಡುವಂತಿಲ್ಲ. ಬ್ರೇಕ್ ಪರೀಕ್ಷೆಯ ಹೊತ್ತು ಅಂತ ಎಲ್ಲರೂ ಕಾಯುತ್ತೇವೆ. ಕೊನೆಯ ಬೋಗಿಗೆ ನೇತಾಡುವ ಎಲ್‌ವಿ (ಲಾಸ್ಟ್ ವೆಹಿಕಲ್) ಬೋರ್ಡು ಈಗ ಎಂಜಿನ್ ಪಕ್ಕಕ್ಕೆ ಬಂದಿದೆಯಲ್ವಾ, ಅದನ್ನು ಚಿಮಟದಲ್ಲಿ ತೆಗೆದು ಇನ್ನೊಂದು ತುದಿಗೆ ಹಾಕಬೇಕು. ಆ ಬೋರ್ಡು ಕಂಡರೆ ಗಾಡಿ ಪೂರ್ತಿ ಬಂದಿದೆ, ದಾರಿಯಲ್ಲಿ ಯಾವ ಬೋಗಿಯೂ ಕಳಚಿ ಉಳಿದಿಲ್ಲ ಅಂತ ಅರ್ಥ. ಇದನ್ನು ಕಲಿಸಿದ್ದು ಮಾವ. ಉಗುರಿನ ಅರ್ಧದಷ್ಟೂ ಇಲ್ಲದ ಹಳದಿ ತಗಡು, ಅದಕ್ಕೊಂದು ಕೊಕ್ಕೆ. ನಮ್ಮ ಲೇಔಟಿನಲ್ಲಿ ನನಗೆ ಅತ್ಯಂತ ಇಷ್ಟವಾದ ವಸ್ತು ಅದು.

ಇನ್ನೊಂದು ಸೊಗಸಿದೆ. ಈ ಎಂಜಿನ್‌ನ ಕ್ಯಾಬ್ (ಚಾಲಕರ ಕೋಣೆ) ಒಂದು ತುದಿಗೆ ಹತ್ತಿರ ಇರುತ್ತದೆ. ಎಂಜಿನ್ ತಿರುಗಿಸುವ ಚಕ್ರಹಲಗೆ ಇಲ್ಲದ ಕಡೆ, ಬರುವಾಗ ಚಿಕ್ಕ ಮೂತಿ ಮುಂದಿದ್ದರೆ ಹೋಗುವಾಗ ಉದ್ದ ಹುಡ್ ಮುಂದು. ಎರಡೂ ದಿಕ್ಕಿನ ರೈಲು ಬೇರೆ ಬೇರೆಯಾಗಿ ಕಾಣುತ್ತದೆ. ಸುತ್ತು ಹಳಿಯಲ್ಲಿ ಇದು ಯಾವತ್ತೂ ಸಿಗುವುದಿಲ್ಲ.

ಕಂಪ್ಯೂಟರಿಗೆ ಎಲ್ಲ ಒಪ್ಪಿಸಿ ರೈಲು ತಾನಾಗಿ ಓಡುವಂತೆ ಮಾಡಬಹುದು, ಅದಕ್ಕೆ ಜೆಎಂಆರ್‌ಐ ಎಂಬ ಉಚಿತ ತಂತ್ರಾಂಶವಿದೆ. ನನಗೆ ಬೇಡ. ಹಾಗೆ ಮಾಡಿದರೆ ಬಾವುಟ ಯಾರು ಆಡಿಸಬೇಕು?

ಕೂರುವ ಮೊದಲು ಹಳಿ ಒರೆಸುವುದು ಕಡ್ಡಾಯ. ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ನೂಲು ಬಿಡದ ಬಟ್ಟೆ ಸಾಕು. ಮರಳು ಕಾಗದ ಉಜ್ಜಬೇಡಿ, ಗೀರು ಬಿದ್ದಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಆಟ ಮುಗಿದ ಮೇಲೆ ಪೂರ್ತಿ ಲೇಔಟಿಗೆ ಪ್ಲಾಸ್ಟಿಕ್ ಹೊದಿಕೆ. ಫ್ಯಾನ್ ಕೆಳಗಿನ ಧೂಳು ಎಷ್ಟೆಂದು ಹೊದಿಕೆ ತೆಗೆದಾಗ ಗೊತ್ತಾಗುತ್ತದೆ.

ಇಷ್ಟು ಗೋಡೆಯೂ ಇಲ್ಲ ಅನ್ನುವವರಿಗೆ ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ ಇಂಗಲ್‌ನೂಕ್ ಎಂಬ ನಕ್ಷೆ ಇದೆ. ಐದು, ಮೂರು, ಮೂರು ವ್ಯಾಗನ್ ಹಿಡಿಯುವ ಮೂರು ಹಳಿ, ಎರಡೇ ಪಾಯಿಂಟ್. ಎಂಟು ವ್ಯಾಗನ್‌ಗಳಿಂದ ಚೀಟಿ ಎತ್ತಿದ ಕ್ರಮದಲ್ಲಿ ಐದನ್ನು ಜೋಡಿಸಬೇಕು. ಆ ಕ್ರಮಗಳೇ 6,720 ಆಗುತ್ತವೆ. ಚಿಕ್ಕ ನಾಲ್ಕು ಚಕ್ರದ ವ್ಯಾಗನ್ ಆದರೆ ಒಂದೂವರೆ ಮೀಟರ್ ಹಲಗೆ ಸಾಕು.

ನನ್ನ ಮುಂದಿನ ಕೆಲಸ ಲೂಪ್ ಉದ್ದ ಮಾಡುವುದು. ಐಸಿಎಫ್ ಬೋಗಿಗಳ ತಯಾರಿಕೆ 2018ರಲ್ಲಿ ನಿಂತಿತು, ಆಮೇಲೆ ತಯಾರಾಗುವುದು ಹೆಚ್ಚಾಗಿ ಎಲ್‌ಎಚ್‌ಬಿ ಎಂಬ ಕೆಂಪು ಬೋಗಿ. ಅದು ಸುಮಾರು 24 ಮೀಟರ್, ನಮ್ಮ ಅಳತೆಯಲ್ಲಿ 27.6 ಸೆಂ.ಮೀ. ಮೂರು ಕಟ್ಟಿದರೆ 83, ಫೌಲಿಂಗ್ ಮಾರ್ಕ್ ದಾಟುತ್ತದೆ. ಮಗಳಿಗೆ ಕೆಂಪು ಬೋಗಿಗಳೇ ಬೇಕು. ಎರಡನೇ ಪಾಯಿಂಟನ್ನು ಹತ್ತು ಸೆಂ.ಮೀ. ಆಚೆ ಸರಿಸಬೇಕು, ಅದರ ಜೊತೆ ಗೂಡ್ಸ್ ಸೈಡಿಂಗಿನ ಪಾಯಿಂಟೂ ಸರಿಯಬೇಕು. ಹೊಸ ನಕ್ಷೆ ಕಾಗದದ ಮೇಲೆ ಕೂತಿದೆ. ಮಾವ ನೋಡಿ ಒಪ್ಪಿದ್ದಾರೆ, ಆದರೆ ಪ್ಯಾಸೆಂಜರಿಗೆ ಮಾತ್ರ ನೀಲಿ ಬೋಗಿಗಳೇ ಇರಲಿ ಎಂಬ ಷರತ್ತು ಹಾಕಿದ್ದಾರೆ.