ಅಳಿಸಿಹೋದ ಚುಟ್ಟಿ

ಯಕ್ಷಗಾನದಲ್ಲಿ ಮಹಿಷಾಸುರನ ವೇಷ ಮಾಡುವ ಕಲಾವಿದರೊಬ್ಬರಿಗೆ ನಾನು ತೆಗೆದ ಅವರದೇ ಫೋಟೋ ಕಳುಹಿಸಿದ್ದೆ. ಬಯಲಾಟ, ನಡುರಾತ್ರಿ ದಾಟಿದ ಹೊತ್ತು, ಐಎಸ್‌ಒ 6400, ಅಂದರೆ ಕತ್ತಲೆಗೆಂದು ಕ್ಯಾಮೆರಾದ ಸಂವೇದನೆಯನ್ನು ಬಹಳ ಏರಿಸಿದ್ದೆ. ಅಷ್ಟಾದರೂ ಚಿತ್ರದಲ್ಲಿ ಒಂದು ಕಾಳು ನಾಯ್ಸ್ (ಕಡಿಮೆ ಬೆಳಕಿನಲ್ಲಿ ಚಿತ್ರಕ್ಕೆ ಹತ್ತುವ ಮರಳಿನಂಥ ಚುಕ್ಕೆ) ಇರಲಿಲ್ಲ. ಮುಖ ಹಾಲಿನ ಕೆನೆಯಂತೆ ನುಣ್ಣಗಿತ್ತು. ಒಳಗೊಳಗೇ ಬೀಗಿದ್ದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ ಫೋನ್ ಮಾಡಿ, "ಫೋಟೋ ಚೆನ್ನಾಗಿದೆ, ಆದರೆ ನನ್ನ ಚುಟ್ಟಿ ಎಲ್ಲಿ?" ಎಂದು ಕೇಳಿದರು.

ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷವನ್ನು, ಅಂದರೆ ರಕ್ಕಸರ ವೇಷವನ್ನು, ಹತ್ತಿರದಿಂದ ನೋಡಿದವರಿಗೆ ಈ ಪ್ರಶ್ನೆಯ ಪೆಟ್ಟು ತಿಳಿಯುತ್ತದೆ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿ, ಕಡ್ಡಿಯ ತುದಿಯಲ್ಲಿ ಅದ್ದಿ, ಮುಖದ ಮೇಲೆ ಒಂದೊಂದೇ ಚುಕ್ಕೆ ಇಡುತ್ತಾರೆ. ಅದು ಒಣಗಿದ ಮೇಲೆ ಅದರ ಮೇಲೊಂದು. ಹೀಗೆ ಮುಳ್ಳಿನಂತೆ ಎದ್ದು ನಿಲ್ಲುವ ಬಿಳಿಯ ಸಾಲುಗಳೇ ಚುಟ್ಟಿ. ವೇಷ ಕಟ್ಟುವ ಚೌಕಿಯಲ್ಲಿ ಕನ್ನಡಿಯ ಮುಂದೆ ಗಂಟೆಗಟ್ಟಲೆ ಕುಳಿತು ಅವರು ಇಟ್ಟುಕೊಂಡಿದ್ದನ್ನು ನಾನು ಒಂದು ಗುಂಡಿ ಒತ್ತಿ ಒರೆಸಿ ಹಾಕಿದ್ದೆ.

ಫೋಟೋ ತಿದ್ದುವ ಫೋಟೋಶಾಪ್‌ಗೆ ಜೋಡಿಸಿಕೊಳ್ಳುವ ಪುಟ್ಟ ತಂತ್ರಾಂಶಗಳಾದ ಪ್ಲಗ್-ಇನ್‌ಗಳ ಸಹವಾಸ ನನಗೆ ಹತ್ತಿದ್ದು 2016ರಲ್ಲಿ. ನಿಕ್ ಕಲೆಕ್ಷನ್ ಎಂಬ ಪ್ಲಗ್-ಇನ್‌ಗಳ ಕಟ್ಟು ಆಗ ಗೂಗಲ್‌ನ ಕೈಯಲ್ಲಿತ್ತು. 149 ಡಾಲರ್‌ಗೆ ಮಾರುತ್ತಿದ್ದ ಆ ಕಟ್ಟನ್ನು ಆ ವರ್ಷದ ಮಾರ್ಚ್‌ನಲ್ಲಿ ಉಚಿತ ಮಾಡಿಬಿಟ್ಟರು. ಪುಕ್ಕಟೆ ಎಂದ ಮೇಲೆ ಬಿಡುವುದುಂಟೇ? ಫೋಟೋಶಾಪ್‌ನ ಫಿಲ್ಟರ್ ಮೆನುವಿನ ಕೆಳಗೆ ಒಮ್ಮೆಲೇ ಏಳು ಹೊಸ ಹೆಸರುಗಳು ಬಂದು ಕುಳಿತವು. ಮರುವರ್ಷ ಅದನ್ನು ಡಿಎಕ್ಸ್ಒ ಎಂಬ ಫ್ರೆಂಚ್ ಕಂಪನಿ ಕೊಂಡುಕೊಂಡಿತು; ಮುಂದಿನ ಆವೃತ್ತಿಗಳಿಗೆ ಮತ್ತೆ ಬೆಲೆ ಬಂತು.

ಮೊದಲ ಒಂದು ವರ್ಷ ನಾನು ಮಾಡಿದ ಚಿತ್ರಗಳನ್ನು ಈಗ ಯಾರಿಗೂ ತೋರಿಸುವುದಿಲ್ಲ. ಆ ಕಟ್ಟಿನ ಕಲರ್ ಎಫೆಕ್ಸ್‌ನಲ್ಲಿ ಟೋನಲ್ ಕಾಂಟ್ರಾಸ್ಟ್ ಎಂಬ ಫಿಲ್ಟರ್ ಇದೆ. ಅದನ್ನು ಮಿತಿಮೀರಿ ಬಳಸಿದರೆ ಮುಖಕ್ಕೆ ಮಸಿ ಹಿಡಿದಂತಾಗುತ್ತದೆ, ಕಿರೀಟದ ಸುತ್ತ ಬಿಳಿಯ ಪ್ರಭಾವಳಿ ಏಳುತ್ತದೆ. ನನ್ನ ದೇವಿಗೂ ಪ್ರಭಾವಳಿ, ರಕ್ಕಸನಿಗೂ ಪ್ರಭಾವಳಿ, ಹಿಂದೆ ಕುಳಿತ ಚೆಂಡೆಯವರಿಗೂ ಪ್ರಭಾವಳಿ.

ಚುಟ್ಟಿಯ ವಿಷಯಕ್ಕೆ ಬರುತ್ತೇನೆ. ನಾಯ್ಸ್ ತೆಗೆಯಲು ನಾನು ಬಳಸುವುದು ಅದೇ ಕಟ್ಟಿನ ಡಿಫೈನ್. ತೆರೆದ ಕೂಡಲೇ ಅದು ಚಿತ್ರದಲ್ಲಿ ಅಲ್ಲಲ್ಲಿ ಚೌಕಗಳನ್ನು ಹಾಕಿಕೊಂಡು ನಾಯ್ಸ್ ಎಷ್ಟಿದೆ ಎಂದು ಅಳೆಯುತ್ತದೆ, ಆಮೇಲೆ ಇಡೀ ಚಿತ್ರದ ಮೇಲೆ ಒಂದೇ ಸಮ ಕೈಯಾಡಿಸುತ್ತದೆ. ನಾನು ಅಷ್ಟಕ್ಕೇ ಸರಿ ಎಂದು ಒಪ್ಪಿಗೆ ಒತ್ತಿ ಎದ್ದುಬಿಡುತ್ತಿದ್ದೆ. ಆ ಫೋನ್ ಕರೆಯ ನಂತರ ಮೂಲ ಚಿತ್ರವನ್ನು ಮತ್ತೆ ತೆರೆದು ನೂರಕ್ಕೆ ನೂರು ಗಾತ್ರಕ್ಕೆ ಹಿಗ್ಗಿಸಿ ನೋಡಿದೆ. ವೇಷಧಾರಿ ರಂಗಸ್ಥಳದ ನಡುವೆ, ನಾನು ಜನರ ಹಿಂದೆ. ಆ ದೂರಕ್ಕೆ ಇಡೀ ಮುಖ ನಾನೂರು ಪಿಕ್ಸೆಲ್ ಅಗಲವಷ್ಟೇ. ಒಂದೊಂದು ಚುಟ್ಟಿಯ ಚುಕ್ಕೆ ನಾಲ್ಕೈದು ಪಿಕ್ಸೆಲ್. ನಾಯ್ಸ್‌ನ ಕಾಳುಗಳೂ ಹೆಚ್ಚುಕಡಿಮೆ ಅಷ್ಟೇ. ಯಾವುದು ಅಕ್ಕಿಹಿಟ್ಟು, ಯಾವುದು ಸೆನ್ಸರ್‌ನ ಕಸ ಎಂದು ಪ್ಲಗ್-ಇನ್‌ಗೆ ಹೇಗೆ ತಿಳಿಯಬೇಕು? ಹೇಳಬೇಕಾಗಿದ್ದವನು ನಾನು.

ಹೇಳುವ ದಾರಿ ಅದರಲ್ಲೇ ಇತ್ತು. ನಾಯ್ಸ್‌ನಲ್ಲಿ ಎರಡು ಬಗೆ. ಕಪ್ಪು ಪರದೆಯ ಮೇಲೆ ನೇರಳೆ, ಹಸಿರು ಚುಕ್ಕೆಗಳಾಗಿ ಕಾಣುವುದು ಬಣ್ಣದ ನಾಯ್ಸ್. ಬೆಳಕು ಕತ್ತಲೆಯ ಮರಳಾಗಿ ಕಾಣುವುದು ಇನ್ನೊಂದು. ಡಿಫೈನ್ ಇದನ್ನು ಕಾಂಟ್ರಾಸ್ಟ್ ನಾಯ್ಸ್ ಎನ್ನುತ್ತದೆ. ಚುಟ್ಟಿ ಬಿಳಿ. ಆದ್ದರಿಂದ ಬಣ್ಣದ ನಾಯ್ಸನ್ನು ಪೂರ್ತಿ ತೆಗೆದರೂ ಅದಕ್ಕೆ ಕುಂದಿಲ್ಲ. ಎರಡನೆಯದನ್ನು ತೆಗೆಯಲು ಹೋದಾಗ ಜೊತೆಗೆ ಅದೂ ಹೋಗುತ್ತದೆ. ಈಗ ನಾನು ಹಿಂದಿನ ಪರದೆಯ ಮೇಲೆ, ಆಕಾಶದ ಮೇಲೆ ಒಂದೊಂದು ಕಂಟ್ರೋಲ್ ಪಾಯಿಂಟ್ (ಆ ಜಾಗಕ್ಕೆ ಮಾತ್ರ ತಿದ್ದುಪಡಿ ತಾಗಿಸುವ ಗುರುತು) ಇಟ್ಟು ಅಲ್ಲಿ ಎರಡನ್ನೂ ನೂರಕ್ಕೆ ಏರಿಸುತ್ತೇನೆ. ಮುಖದ ಮೇಲೊಂದು ಪಾಯಿಂಟ್ ಇಟ್ಟು ಬಣ್ಣದ ನಾಯ್ಸ್ ನೂರು, ಕಾಂಟ್ರಾಸ್ಟ್ ನಾಯ್ಸ್ ಹತ್ತು ಅಥವಾ ಸೊನ್ನೆ. ಎದೆಪದಕ, ಭುಜಕೀರ್ತಿಗಳ ಮಿಂಚಿಗೂ ಇದೇ ಲೆಕ್ಕ. ಮುಖದಲ್ಲಿ ಒಂದಿಷ್ಟು ಮರಳು ಉಳಿಯುತ್ತದೆ. ಉಳಿಯಲಿ, ಮುದ್ರಣದಲ್ಲಿ ಅದು ಕಾಣುವುದೇ ಇಲ್ಲ.

ಇದೆಲ್ಲ ಮೊದಲ ಹೆಜ್ಜೆಯಾಗಿಯೇ ಆಗಬೇಕು. ಕಾಂಟ್ರಾಸ್ಟ್ ಏರಿಸಿದ ಮೇಲೆ ನಾಯ್ಸ್ ತೆಗೆಯಲು ಕುಳಿತರೆ ಅಷ್ಟರಲ್ಲಿ ಕಾಳುಗಳು ಉಬ್ಬಿ ಕಲ್ಲಾಗಿರುತ್ತವೆ.

ಕ್ಯಾಮೆರಾದಲ್ಲೇ ಕೆಟ್ಟದ್ದನ್ನು ಯಾವ ಪ್ಲಗ್-ಇನ್ನೂ ತಿದ್ದುವುದಿಲ್ಲ ಎಂಬುದನ್ನೂ ಯಕ್ಷಗಾನವೇ ಕಲಿಸಿತು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಟ್ಯೂಬ್‌ಲೈಟುಗಳೂ ಅಗ್ಗದ ಎಲ್ಇಡಿಗಳೂ ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಸೆಕೆಂಡಿನ 1/500 ಭಾಗದ ಶಟರ್ ವೇಗದಲ್ಲಿ ಹೊಡೆದರೆ ಚಿತ್ರಕ್ಕೆ ಅಡ್ಡಡ್ಡ ಕಪ್ಪು ಪಟ್ಟಿಗಳು ಬೀಳುತ್ತವೆ. 1/100ಕ್ಕೆ ಇಳಿಸಿದರೆ ಪಟ್ಟಿ ಮಾಯ, ಆದರೆ ಗಿರಕಿ ಹೊಡೆಯುವಾಗ ಕೈ ಮಸುಕು. ನಾನು 1/100ನ್ನೇ ಆರಿಸಿಕೊಂಡಿದ್ದೇನೆ. ತಿರುಗುವ ಕೈ ಮಸುಕಾದರೆ ಅದು ತಿರುಗುತ್ತಿದೆ ಎಂದಾದರೂ ತಿಳಿಯುತ್ತದೆ. ಇನ್ನೊಂದು ಕೆಂಪಿನ ಕಾಟ. ಕೆಂಪು ಬಟ್ಟೆಯ ಮೇಲೆ ಕೆಂಪು ದೀಪ ಬಿದ್ದರೆ ಚಿತ್ರದ ಕೆಂಪು, ಹಸಿರು, ನೀಲಿ ಪದರಗಳಲ್ಲಿ ಕೆಂಪಿನದು (ಕೆಂಪು ಚಾನೆಲ್) ಒಂದೇ ತುಂಬಿ ಹರಿದುಹೋಗುತ್ತದೆ, ನೆರಿಗೆಗಳೆಲ್ಲ ಕಲಸಿ ಬಣ್ಣದ ಡಬ್ಬಿ ಚೆಲ್ಲಿದಂತಾಗುತ್ತದೆ. ಬೆಳಕಿನ ಹಂಚಿಕೆ ತೋರಿಸುವ ಕ್ಯಾಮೆರಾದ ಸಾಮಾನ್ಯ ಹಿಸ್ಟೋಗ್ರಾಮ್ ಆಗ ಎಲ್ಲವೂ ಸರಿಯಿದೆ ಎಂದೇ ತೋರಿಸುತ್ತಿರುತ್ತದೆ. ಮೂರೂ ಬಣ್ಣ ಬೇರೆ ಬೇರೆಯಾಗಿ ಕಾಣುವ ಹಿಸ್ಟೋಗ್ರಾಮ್ ಹಾಕಿಕೊಂಡು ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪು ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಕತ್ತಲೆಯ ಕಡೆಗೇ ತೆಗೆಯುತ್ತೇನೆ. ಮಹಿಷಾಸುರ ಜನರ ನಡುವಿನಿಂದ ನುಗ್ಗಿ ಬರುವಾಗ ದೊಂದಿಗೆ ರಾಳ ಎರಚುತ್ತಾರಲ್ಲ, ಆಗ ಇನ್ನೂ ಎರಡು ಸ್ಟಾಪು ಕೆಳಗೆ. ಆ ಬೆಂಕಿಗೆ ಸಿದ್ಧನಾಗಿರದಿದ್ದರೆ ಚಿತ್ರವಿಲ್ಲ.

ಮುಖಕ್ಕೆ ಬಿದ್ದ ನೀಲಿ ದೀಪವನ್ನು ಇಳಿಸಲು ಅದೇ ಕಟ್ಟಿನ ವಿವೇಜಾ. ಕೆನ್ನೆಯ ಮೇಲೆ ಪಾಯಿಂಟ್ ಇಟ್ಟರೆ ಅದು ಆ ವೃತ್ತದೊಳಗೆ ಅದೇ ಬಣ್ಣದ ಜಾಗಗಳನ್ನು ಮಾತ್ರ ಹುಡುಕಿ ಹಿಡಿಯುತ್ತದೆ. ಸ್ಯಾಚುರೇಷನ್ (ಬಣ್ಣದ ಗಾಢತೆ) ಸ್ವಲ್ಪ ಇಳಿಸಿ ವಾರ್ಮ್ತ್ (ಹಳದಿಯ ಬಿಸುಪು) ಸ್ವಲ್ಪ ಏರಿಸಿದರೆ ಮುಖಕ್ಕೆ ಬಳಿದ ಅರದಾಳದ ಹಳದಿ ಮತ್ತೆ ಮೇಲೆ ಬರುತ್ತದೆ. ಪಕ್ಕದ ಕಿರೀಟಕ್ಕೂ ಬಣ್ಣ ಹರಿಯತೊಡಗಿದರೆ ಅಲ್ಲೊಂದು ಖಾಲಿ ಪಾಯಿಂಟ್ ಇಟ್ಟು ತಡೆಯುತ್ತೇನೆ. ನೀಲಿಯನ್ನು ಪೂರ್ತಿ ತೆಗೆಯುವುದಿಲ್ಲ. ಆ ರಾತ್ರಿ ಅಲ್ಲಿ ನೀಲಿ ದೀಪ ಇದ್ದದ್ದು ನಿಜ ತಾನೇ.

ಕಪ್ಪು ಬಿಳುಪಿಗೆ ಅದೇ ಕಟ್ಟಿನ ಸಿಲ್ವರ್ ಎಫೆಕ್ಸ್. ಅದರೊಳಗಿನ ಬಣ್ಣದ ಫಿಲ್ಟರ್‌ಗಳನ್ನು ನಿರ್ಲಕ್ಷಿಸಿ ಬರೀ ಸಿದ್ಧ ಮಾದರಿಗಳನ್ನು ಒತ್ತುತ್ತಾ ಹೋಗುವವರೇ ಹೆಚ್ಚು. ಕೆಂಪು ಫಿಲ್ಟರ್ ಹಾಕಿದರೆ ಕೆಂಪು ಬಟ್ಟೆ ಬೂದಿಯಂತೆ ಬೆಳ್ಳಗಾಗುತ್ತದೆ, ಹಸಿರು ಹಾಕಿದರೆ ಕಾಡಿಗೆಯಷ್ಟು ಕಪ್ಪಾಗುತ್ತದೆ. ರಕ್ಕಸನಿಗೆ ನಾನು ಹಸಿರು ಹಾಕುತ್ತೇನೆ: ಮೈ ಕತ್ತಲಲ್ಲಿ ಮುಳುಗಿ ಚುಟ್ಟಿ ಮಾತ್ರ ಬೆಳಗುತ್ತದೆ.

ಈ ಎಲ್ಲ ಹೆಜ್ಜೆಗಳನ್ನೂ ಫೋಟೋಶಾಪ್‌ನಲ್ಲಿ ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ (ಮೂಲ ಕೆಡದಂತೆ ಕಾಯುವ ಪದರ) ಮಾಡಿಕೊಂಡೇ ಮಾಡುತ್ತೇನೆ. ಆಗ ಪ್ಲಗ್-ಇನ್‌ನ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಹಿಂದೆ ಇಟ್ಟ ಪಾಯಿಂಟುಗಳೆಲ್ಲ ಇಟ್ಟಲ್ಲೇ ಸಿಗುತ್ತವೆ, ತಪ್ಪನ್ನು ತಿಂಗಳ ನಂತರವೂ ತಿದ್ದಬಹುದು. ಇದಕ್ಕೆ ತೆರುವ ಬೆಲೆ ಹಾರ್ಡ್ ಡಿಸ್ಕಿನದು. 24 ಮೆಗಾಪಿಕ್ಸೆಲ್‌ನ ಒಂದು ಚಿತ್ರ 16 ಬಿಟ್ ಟಿಫ್ ಕಡತವಾದರೆ ಒಂದೇ ಲೇಯರಿಗೆ 144 ಎಂಬಿ. ಒಂದು ಆಟದಲ್ಲಿ ಮುನ್ನೂರು ಆರಿಸಿದರೆ 43 ಜಿಬಿ. ಮೇಳಗಳು ತಿರುಗಾಟಕ್ಕೆ ಹೊರಡುವ ನವೆಂಬರಿನಲ್ಲಿ ಖಾಲಿಯಿದ್ದ ನನ್ನ ಡಿಸ್ಕು ತಿರುಗಾಟ ಮುಗಿಯುವ ಪತ್ತನಾಜೆ ಬರುವ ಮೊದಲೇ ತುಂಬಿತ್ತು. ಈಗ ಒಂದು ಆಟಕ್ಕೆ ಹನ್ನೆರಡು ಚಿತ್ರ ಮಾತ್ರ ಈ ದಾರಿಯಲ್ಲಿ ಹೋಗುತ್ತವೆ. ಉಳಿದವು ಕ್ಯಾಮೆರಾದಿಂದ ಬಂದಂತೆಯೇ ಇರುವ ರಾ ಕಡತಗಳಾಗಿ ಮಲಗಿರುತ್ತವೆ.

ಫೋಟೋಶಾಪ್‌ಗೆ ಚಂದಾ ಕಟ್ಟಲಾಗದ ಗೆಳೆಯರಿಗೆ ನಾನು ಹೇಳುವುದು ಜಿಂಪ್ ಎಂಬ ಫೋಟೋ ತಿದ್ದುವ ತಂತ್ರಾಂಶ ಮತ್ತು ಅದರೊಳಗೆ ಜಿ'ಮಿಕ್ ಎಂಬ ಪ್ಲಗ್-ಇನ್. ಎರಡೂ ಉಚಿತ. ಜಿ'ಮಿಕ್‌ನಲ್ಲಿ ನೂರಾರು ಫಿಲ್ಟರ್‌ಗಳಿವೆ, ಬೇಕಾಗುವುದು ನಾಲ್ಕೋ ಐದೋ. ಕಂಟ್ರೋಲ್ ಪಾಯಿಂಟ್ ಇಲ್ಲದ ಕಾರಣ ಲೇಯರ್ ಮಾಸ್ಕ್ (ಪದರದ ಬೇಕಾದ ಭಾಗವನ್ನಷ್ಟೇ ತೋರಿಸುವ ಮುಸುಕು) ಮೇಲೆ ಕುಂಚದಿಂದ ಮುಖವನ್ನು ಬಿಡಿಸಿಕೊಳ್ಳಬೇಕು. ನಿಧಾನ, ಆದರೆ ಫಲ ಒಂದೇ.

ಕಳೆದ ತಿರುಗಾಟದಲ್ಲಿ ಅದೇ ಕಲಾವಿದರನ್ನು ಚೌಕಿಯಲ್ಲಿ ಕಂಡು, ಹಳೆಯ ಫೋಟೋವನ್ನು ಹೊಸದಾಗಿ ಮಾಡಿದ್ದನ್ನು ತೋರಿಸಿದೆ. ಅರ್ಧ ಬಣ್ಣ ಹಚ್ಚಿಕೊಂಡಿದ್ದವರು ಮೊಬೈಲನ್ನು ದೀಪದ ಹತ್ತಿರ ಹಿಡಿದು, ಎರಡು ಬೆರಳಲ್ಲಿ ಹಿಗ್ಗಿಸಿ, ಹುಬ್ಬಿನಿಂದ ಗಲ್ಲದವರೆಗೆ ಸಾಲು ಸಾಲಾಗಿ ನೋಡುತ್ತಾ ಬಂದರು. ಎಡಗೆನ್ನೆಯಲ್ಲಿ ಬೆರಳು ನಿಂತಿತು. ಅಲ್ಲಿ ಒಂದು ಚುಕ್ಕೆ ಇರಲಿಲ್ಲ. ಈ ಸಲ ಅದು ನನ್ನ ಕೆಲಸವಾಗಿರಲಿಲ್ಲ, ಬೆವರಿಗೆ ಬಿದ್ದುಹೋಗಿತ್ತು. ಮೂಲದಲ್ಲೂ ಹಾಗೆಯೇ ಇತ್ತು. ಅಷ್ಟೆಲ್ಲ ತಿದ್ದುವವರಿಗೆ ಇದೊಂದು ಇಡಲು ಬರುವುದಿಲ್ಲವೇ ಎಂದು ಕೇಳಿದರು. ಪಕ್ಕದ ಚುಕ್ಕೆಯನ್ನು ನಕಲು ಮಾಡಿ ಕೂರಿಸಲು ಎರಡು ನಿಮಿಷವೂ ಬೇಡ. ಅವರ ಪ್ರತಿಯಲ್ಲಿ ಇಟ್ಟುಕೊಟ್ಟೆ. ನನ್ನ ಪ್ರತಿಯಲ್ಲಿ ಆ ಜಾಗ ಇನ್ನೂ ಖಾಲಿಯೇ ಇದೆ.