ತೋಟದ ಗಾಡಿ ಕಟ್ಟಿದ್ದು: ಭಾರ ಎಲ್ಲಿ ಕೂರಬೇಕು?

ನಮ್ಮ ಸಾಗರದ ಕಡೆ ಮನೆ ಮೇಲೆ, ಅಡಿಕೆ ತೋಟ ಕೆಳಗೆ. ಕೊಯ್ಲಿನಲ್ಲಿ ಗೊನೆಗಳೆಲ್ಲ ಏರು ಹತ್ತಿ ಅಂಗಳಕ್ಕೆ ಬರಬೇಕು, ಗೊಬ್ಬರ ಕೆಳಗಿಳಿಯಬೇಕು. ಹೊರುವವರು ಈಗ ಸಿಗುವುದು ಕಷ್ಟ. ತೋಟದೊಳಗೆ ಪಿಕಪ್ ಹಿಡಿಸುವಷ್ಟು ದಾರಿಯೂ ಇಲ್ಲ. ಅದಕ್ಕೇ ಗುಜರಿಗೆ ಬಂದಿದ್ದ ಪ್ಯಾಸೆಂಜರ್ ಆಟೋ ತಂದು, ಮೇಲಿನದೆಲ್ಲ ಕತ್ತರಿಸಿ, ಗಾಡಿ ಕಟ್ಟಿದೆ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ (ತಿರುವಿನಲ್ಲಿ ಹಿಂದಿನ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರು) ಮೂರೂ ಒಟ್ಟಿಗೇ ಸಿಗುತ್ತವೆ, ರಿವರ್ಸ್ ಕೂಡ ಇರುತ್ತದೆ. ಇಕ್ಕಟ್ಟಿನ ತೋಟಕ್ಕೆ ಇದೇ ಸರಿ ಅಂತ ಈಗಲೂ ಹೇಳುತ್ತೇನೆ.

ಎಡವಿದ್ದು ಹೊರೆ ತುಂಬುವ ತೊಟ್ಟಿ ಕೂರಿಸುವಾಗ. ಗೊನೆ ಸುರಿಯಲು ಸುಲಭವಾಗಲಿ ಅಂತ ಅದನ್ನು ಹಿಂದಕ್ಕೆ ಎಳೆದು ವೆಲ್ಡ್ ಮಾಡಿಬಿಟ್ಟೆ. ಖಾಲಿ ಗಾಡಿ ಚೆನ್ನಾಗಿಯೇ ಓಡಿತು. ಹಸಿ ಅಡಿಕೆ ತುಂಬಿ ಏರು ಹತ್ತಿಸಿದಾಗ ಮುಂದಿನ ಚಕ್ರ ನೆಲ ಬಿಟ್ಟಿತು. ಹ್ಯಾಂಡಲ್ ತಿರುಗಿಸಿದರೂ ಗಾಡಿ ತಿರುಗಲಿಲ್ಲ, ಹಿಂದಿನ ಚಕ್ರ ಬಸಿಗಾಲುವೆಗೆ ಇಳಿದು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ.

ಲೆಕ್ಕ ಹಾಕಿದ್ದು ಆಮೇಲೆ. ಮುಂದಿನ ಚಕ್ರಕ್ಕೂ ಹಿಂದಿನ ಆಕ್ಸಲ್‌ಗೂ (ಹಿಂದಿನ ಚಕ್ರಗಳ ಅಚ್ಚಿಗೂ) 2 ಮೀಟರ್ ಅಂತರ ಅಂದುಕೊಳ್ಳಿ. 250 ಕೆ.ಜಿ. ಹೊರೆಯ ನಡುಭಾಗ ಆಕ್ಸಲ್‌ನಿಂದ 30 ಸೆಂ.ಮೀ. ಹಿಂದಕ್ಕಿದ್ದರೆ, ಸಮತಟ್ಟು ನೆಲದಲ್ಲೇ ಮುಂದಿನ ಚಕ್ರದಿಂದ ಸುಮಾರು 37 ಕೆ.ಜಿ. ಭಾರ ಎತ್ತಿಹೋಗುತ್ತದೆ. ಏರಿನಲ್ಲಿ ಇನ್ನೂ ಜಾಸ್ತಿ. ಅದೇ ಹೊರೆ ಅಷ್ಟೇ ಮುಂದಕ್ಕೆ ಬಂದರೆ ಅಷ್ಟೇ ಭಾರ ಮುಂದಿನ ಚಕ್ರಕ್ಕೆ ಸೇರುತ್ತದೆ. ಅಡಿಕೆ ಮೂಟೆ ತೂಗುವ ತಕ್ಕಡಿಯ ಮೇಲೆ ಮುಂದಿನ ಚಕ್ರ ನಿಲ್ಲಿಸಿ, ತೊಟ್ಟಿಗೆ ಮೂಟೆ ಹೇರುತ್ತಾ ನೋಡಿದೆ. ಕಾಗದದ ಮೇಲಿನ ಲೆಕ್ಕ ಕಣ್ಣೆದುರೇ ಕಂಡಿತು. ತೊಟ್ಟಿ ಕತ್ತರಿಸಿ ಮುಂದಕ್ಕೆ ತಂದು, ಈ ಸಲ ಬೋಲ್ಟ್ ಹಾಕಿದೆ. ಗಾಡಿ ಕಟ್ಟುವವರು ಯಾರೇ ಕೇಳಿದರೂ ಇದನ್ನೇ ಹೇಳುತ್ತೇನೆ: ಮೊದಲು ಟ್ಯಾಕ್ ಹಾಕಿ (ಅಲ್ಲಲ್ಲಿ ಚುಕ್ಕಿಯಷ್ಟೇ ವೆಲ್ಡ್), ಭಾರ ಹೇರಿ ತೂಗಿ, ಪೂರ್ತಿ ವೆಲ್ಡಿಂಗ್ ಕೊನೆಗೆ.

ಬಿರುಕಿನದು ಇನ್ನೊಂದು ಕಥೆ. ತೊಟ್ಟಿ ಹಿಡಿದಿಡುವ ಹಳೆ ಬ್ರಾಕೆಟ್ಟನ್ನು ಚಾಸಿಗೆ (ಗಾಡಿಯ ಅಡಿಚೌಕಟ್ಟಿಗೆ) ಅಡ್ಡಲಾಗಿ ವೆಲ್ಡ್ ಮಾಡಿದ್ದೆ. ಆ ಗೆರೆಯ ತುದಿಯಿಂದಲೇ ಕೂದಲೆಳೆಯಷ್ಟು ಬಿರುಕು ಹೊರಟಿತ್ತು. ಮೇಲೆ ಸುಮ್ನೆ ವೆಲ್ಡ್ ತುಂಬಿದೆ, ಪಕ್ಕದಲ್ಲೇ ಮತ್ತೆ ಬಿಟ್ಟಿತು. ಬಿರುಕಿನ ಕೊನೆಯಲ್ಲಿ ಸಣ್ಣ ತೂತು ಕೊರೆದು, ಗ್ರೈಂಡರ್‌ನಿಂದ ಬಿರುಕನ್ನು ಆಳಕ್ಕೆ ತೆರೆದು ತುಂಬಿ, ಮೇಲೆ ಚೌಕಾಕಾರದ ಬದಲು ವಜ್ರಾಕಾರದ ಪಟ್ಟಿ ಕೂರಿಸಿದ ಮೇಲೆ ನಿಂತಿತು. ಪಟ್ಟಿ ಓರೆಯಾಗಿದ್ದರೆ ಒತ್ತಡವೆಲ್ಲ ಒಂದೇ ಅಡ್ಡಗೆರೆಗೆ ಬೀಳುವುದಿಲ್ಲ. ಮಳೆಗಾಲದಲ್ಲಿ ವೆಲ್ಡಿಂಗ್ ರಾಡನ್ನು ಹೊರಗಿಡಲೇಬೇಡಿ. ತೇವ ಹಿಡಿದ ರಾಡಿನ ವೆಲ್ಡ್ ತುಂಬ ಸಣ್ಣ ಸಣ್ಣ ತೂತು.

ತೊಟ್ಟಿ ಮುಂದಕ್ಕೆ ಬಂದದ್ದರಿಂದ ಹೊಸ ತೊಡಕೂ ಬಂತು. ಗೊಬ್ಬರ ಹೇರಿ ಇಳಿಯುವಾಗ ಭಾರ ಮುಂದಕ್ಕೆ ವಾಲುತ್ತದೆ, ಹಗುರಾದ ಹಿಂದಿನ ಚಕ್ರ ಬ್ರೇಕ್ ಹಿಡಿದರೆ ಕೆಸರಿನಲ್ಲಿ ಜಾರುತ್ತದೆ. ಹಿಂದಿನವೇ ಸಾಕು ಅಂತ ಮುಂದಿನ ಬ್ರೇಕ್ ಲೈನ್ ಜೋಡಿಸಿರಲಿಲ್ಲ. ಈಗ ಮೂರೂ ಚಕ್ರಕ್ಕೆ ಬ್ರೇಕ್ ಇದೆ.

ಅಂದಹಾಗೆ, ಇದು ತೋಟದೊಳಗಿನ ಗಾಡಿ ಮಾತ್ರ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ವಾಹನವನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವ ಹಾಗಿಲ್ಲ. ಆದ್ದರಿಂದ ಗೇಟು ದಾಟಿ ರಸ್ತೆಗೆ ಇಳಿಸುವುದಿಲ್ಲ.