ಅರ್ಜಿ ಕೇಳಿದ್ದೇ ತಪ್ಪಾಯ್ತು

ನಮ್ಮ ಕಾಲೇಜಿನ ಲೈಬ್ರರಿ ಮಧ್ಯಾಹ್ನ ಒಂದೂವರೆಗೆ ತುಂಬಿರುತ್ತಿತ್ತು. ಊಟದ ಹೊತ್ತಲ್ಲೂ ಓದುವ ಮಕ್ಕಳು ಅಂತ ನಾವು ಮೇಷ್ಟ್ರುಗಳೆಲ್ಲ ಬೀಗುತ್ತಿದ್ದೆವು. ಒಂದು ದಿನ ಲೈಬ್ರರಿ ಮೇಡಂ ಮೆಲ್ಲಗೆ ಹೇಳಿದರು: 'ಸಾರ್, ಆ ಮೂಲೆ ಹುಡುಗಿ ಅರ್ಧ ಗಂಟೆಯಿಂದ ಪೇಪರಿನ ಒಂದೇ ಪುಟ ಹಿಡ್ಕೊಂಡು ಕೂತಿದಾಳೆ. ಇವರ್ಯಾರೂ ಡಬ್ಬಿ ತರಲ್ಲ.'

ನಮ್ಮದು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜು. ಹಳ್ಳಿಯಿಂದ ಬಸ್ಸು ಬೆಳಗ್ಗೆ ಆರೂಮುಕ್ಕಾಲಿಗೆ. ಅಮ್ಮ ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ಒಲೆ ಹಚ್ಚುವುದೇ ತಡವಾಗುತ್ತೆ, ಹಾಗಾಗಿ ರಾತ್ರಿ ಉಂಡದ್ದೇ ಉಂಡದ್ದು. ಹತ್ತನೇ ತರಗತಿವರೆಗೆ ಶಾಲೆಯಲ್ಲಿ ಬಿಸಿಯೂಟ ಸಿಗುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾದರೆ ಹಸಿವೂ ಪಾಸಾಗಿ ಹೋಗುತ್ತಾ? ಹಾಸ್ಟೆಲ್ ಸೀಟು ಸಿಕ್ಕವರು ಪರವಾಗಿಲ್ಲ. ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಆಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಕೊಡುತ್ತಿದ್ದರು. ದಿನಕ್ಕೆ 50 ರೂಪಾಯಿ ಬಿತ್ತು. ರೂಮ್ ಬಾಡಿಗೆ ಅದರಲ್ಲೇ, ಊಟ ಅದರಲ್ಲೇ.

ಏನಾದ್ರೂ ಮಾಡೋಣ ಅಂತ ಕೂತಾಗ ನಾನು ಮೊದಲು ಮಾಡಿದ್ದು ಒಂದು ಅರ್ಜಿ ಫಾರಂ. ಹೆಸರು, ತಂದೆಯ ಉದ್ಯೋಗ, ಬಿಪಿಎಲ್ ಕಾರ್ಡ್ ಜೆರಾಕ್ಸ್, ಎಲ್ಲ ಕೇಳಿದ್ದೆ. ಅರ್ಹರಿಗೆ ಹೋಟೆಲ್ ಕೂಪನ್ ಕೊಡುವ ಯೋಜನೆ. ನೋಟಿಸ್ ಬೋರ್ಡಿಗೆ ಹಚ್ಚಿ ಹದಿನೈದು ದಿನ ಕಾದೆ, ಬಂದದ್ದು ಎರಡೇ ಅರ್ಜಿ, ಅದರಲ್ಲೊಂದು ಯಾರೋ ಸ್ನೇಹಿತನ ಕಾಲೆಳೆಯಲು ಬರೆದದ್ದು. ಲೈಬ್ರರಿ ಮಾತ್ರ ಹಾಗೇ ತುಂಬಿತ್ತು.

ನನಗೆ ನನ್ನ ಮೇಲೇ ಸಿಟ್ಟು ಬಂತು. ಯಾಕಂದ್ರೆ ನಾನೇ ಸಿದ್ಧಗಂಗೆ ಮಠದ ದಾಸೋಹದಲ್ಲಿ ಮುದ್ದೆ ಉಂಡು ಓದಿದವನು. ಅಲ್ಲಿ ಪಂಕ್ತಿಯಲ್ಲಿ ಕೂತವನನ್ನು ಯಾರೂ 'ನಿಮ್ಮಪ್ಪ ಏನ್ಮಾಡ್ತಾನೆ' ಅಂತ ಕೇಳುತ್ತಿರಲಿಲ್ಲ. ಕೇಳಿದ್ದರೆ ನಾನೂ ಎದ್ದು ಹೋಗುತ್ತಿದ್ದೆನೇನೋ.

ಫಾರಂ ಹರಿದು ಹಾಕಿದೆ. ಕಾಲೇಜಿನ ಹಿಂದಿದ್ದ ಹಳೇ ಸೈಕಲ್ ಶೆಡ್ಡಿಗೆ ಸುಣ್ಣ ಬಳಿಸಿ, ಒಂದು ಗ್ಯಾಸ್ ಒಲೆ, ಮೂರು ದೊಡ್ಡ ಪಾತ್ರೆ ತಂದೆವು. ಊಟ ಎಲ್ಲರಿಗೂ, ಕೇಳುವವರು ಯಾರೂ ಇಲ್ಲ. ಮೇಷ್ಟ್ರುಗಳೂ ಅಲ್ಲೇ ಉಣ್ಣಬೇಕು, ಅದೇ ತಟ್ಟೆ, ಅದೇ ಸಾಲು. ಬಾಗಿಲ ಹತ್ತಿರ ಒಂದು ಡಬ್ಬಿ, ದುಡ್ಡು ಹಾಕೋರು ಹಾಕಬಹುದು. ಮೊದಲ ವಾರ ಡಬ್ಬಿ ಪಕ್ಕ ಅಟೆಂಡರ್ ಕೂತಿದ್ದರು, ಜನ ಬರಲಿಲ್ಲ. ಅವರನ್ನು ಎಬ್ಬಿಸಿದ ಮೇಲೆ ಬಂದರು.

ಅಳತೆಯಲ್ಲೂ ಎಡವಿದೆವು. ಬಿಸಿಯೂಟದಲ್ಲಿ 6ರಿಂದ 8ನೇ ತರಗತಿ ಮಗುವಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ ಲೆಕ್ಕ. ಅದೇ ಲೆಕ್ಕದಲ್ಲಿ 60 ಜನಕ್ಕೆ 9 ಕೆಜಿ ಅಕ್ಕಿ ಇಟ್ಟರೆ ಕೊನೆಯ ಹತ್ತು ಜನಕ್ಕೆ ಬರೀ ಸಾರು! ಇಪ್ಪತ್ತರ ಹುಡುಗರ ಹೊಟ್ಟೆ ಅಲ್ವಾ. ಈಗ 11 ಕೆಜಿ ಅಕ್ಕಿ, ಎರಡೂವರೆ ಕೆಜಿ ಬೇಳೆ. ವಾರಕ್ಕೆರಡು ದಿನ ಮುದ್ದೆ, ಹುರುಳಿಕಾಳು ಸಾರು. ಮುದ್ದೆ ದಿನ ಜನ ಜಾಸ್ತಿ, ಅಡುಗೆ ಅಕ್ಕನಿಗೆ ಒಬ್ಬರಿಗೇ ತೊಳಸೋಕೆ ಆಗಲ್ಲ, ಎನ್‌ಎಸ್‌ಎಸ್ ಹುಡುಗರು ಕೋಲು ಹಿಡಿಯುತ್ತಾರೆ. ಆ ಅಕ್ಕನ ಜಾತಿ ಯಾವುದು ಅಂತ ಒಬ್ಬ ಪೋಷಕರು ಫೋನ್ ಮಾಡಿದ್ದರು. ಪ್ರಿನ್ಸಿಪಾಲರು 'ನಾನು ದಿನಾ ಅವರ ಕೈ ಅಡುಗೆನೇ ಉಣ್ಣೋದು, ನೀವೂ ಬನ್ನಿ' ಅಂದು ಫೋನ್ ಇಟ್ಟರು.

ಅಕ್ಕನ ಸಂಬಳ, ಗ್ಯಾಸ್ ಎಲ್ಲ ಸೇರಿ ತಿಂಗಳಿಗೆ 36 ಸಾವಿರದ ಆಸುಪಾಸು. ನಾವು 18 ಜನ ತಲಾ ಸಾವಿರ ಹಾಕುತ್ತೇವೆ, ಡಬ್ಬಿಯಲ್ಲಿ ನಾಲ್ಕೈದು ಸಾವಿರ ಬೀಳುತ್ತದೆ, ಉಳಿದದ್ದು ಹಳೇ ವಿದ್ಯಾರ್ಥಿಗಳದ್ದು. ಸುಗ್ಗಿಯಲ್ಲಿ ಕೆಲವು ಮನೆಯವರು ರಾಗಿ ತಂದು ಇಳಿಸಿ ಹೋಗುತ್ತಾರೆ. ಆದ್ರೂ ಎರಡು ತಿಂಗಳು ಕೈ ಕಚ್ಚಿತ್ತು, ಸುಳ್ಯಾಕೆ ಹೇಳಲಿ.

ಈಗಿನ ತಲೆನೋವು ಬೆಳಗಿನದು. ಮಧ್ಯಾಹ್ನ ಊಟ ಇದೆ ಅಂತ ಮನೆಯಲ್ಲಿ ಸಿಗುತ್ತಿದ್ದ ಅಷ್ಟಿಷ್ಟು ತಂಗಳನ್ನೂ ಕೆಲವರು ತಮ್ಮ ತಂಗಿಯರಿಗೆ ಬಿಟ್ಟು ಬರುತ್ತಿದ್ದಾರೆ. ಮೊದಲ ಪೀರಿಯಡ್ಡಿಗೆ ಮುಂಚೆ ಒಂದೊಂದು ಹಿಡಿ ಕಡಲೆಕಾಳು ಉಸ್ಲಿ ಕೊಡೋಣ ಅಂತ ಮಾತಾಗಿದೆ. ಹಿಂದಿನ ರಾತ್ರಿ ಕಾಳು ನೆನೆಹಾಕೋರು ಯಾರು, ಬೆಳಗ್ಗೆ ಎಂಟಕ್ಕೆ ಬಂದು ಬೇಯಿಸೋರು ಯಾರು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.